ಕೊಡಲಿ ಇಲ್ಲದ ಕೊಲೆ

ನಮ್ಮ ಮನೆ ಮುಂದಿನ ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತಿತ್ತು, ಅಂಗಳ ತಗ್ಗಾಗುತ್ತಿತ್ತು. ಒಂದು ಮಳೆಗಾಲ ಚರಂಡಿ ನೀರು ಹೊಸ್ತಿಲಿಗೇ ಬಂತು. ನಾನು ಲಾರಿಗಟ್ಟಲೆ ಮಣ್ಣು ತರಿಸಿ ಅಂಗಳವನ್ನು 2 ಅಡಿ ಎತ್ತರಿಸಿದೆ. ಅಬ್ಬಾ ನೆಟ್ಟ ಹಲಸಿನ ಮರವನ್ನು ಕಡಿದುಬಿಡೋಣವೆಂದು ಮೇಸ್ತ್ರಿ ಹೇಳಿದಾಗ ಸಿಟ್ಟು ಬಂತು. "ಒಂದು ಕೊಂಬೆಯನ್ನೂ ಮುಟ್ಟಬೇಡ" ಎಂದೆ. ಅವನು ಮುಟ್ಟಲಿಲ್ಲ. ಬುಡದ ಸುತ್ತ ಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿದ. ಮರ ಉಳಿಸಿದೆನೆಂಬ ಹೆಮ್ಮೆ ನನಗೆ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಎಲೆಗಳು ಸಣ್ಣದಾದವು, ತುದಿಯ ಕೊಂಬೆಗಳು ಒಣಗಿದವು. ಮೂರನೆಯ ಬೇಸಿಗೆಯಲ್ಲಿ ಮರ ಸತ್ತಿತು. ಯಾರದೋ ದೃಷ್ಟಿ ತಾಗಿದೆ ಎಂದರು ನೆರೆಯವರು. ಅಮ್ಮಿ ಮಾತ್ರ, "ಬೇಟಾ, ಅದಕ್ಕೆ ಉಸಿರು ಕಟ್ಟಿತು" ಎಂದರು.

ಅಮ್ಮಿಯ ಮಾತು ನಿಜವಾಗಿತ್ತು. ಬೇರಿಗೂ ಗಾಳಿ ಬೇಕು. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದೂವರೆ ಅಡಿಯೊಳಗೇ ಇರುತ್ತವೆ. ಕೊಂಬೆಗಳ ನೆರಳನ್ನೂ ದಾಟಿ ಹರಡುತ್ತವೆ. ಅದರ ಮೇಲೆ ಮಣ್ಣು ಹೇರಿ ಬಡಿದರೆ ಗಾಳಿಯ ದಾರಿ ಮುಚ್ಚುತ್ತದೆ. ಹೂತುಹೋದ ತೊಗಟೆ ತೇವದಲ್ಲಿ ಕೊಳೆಯುತ್ತದೆ. ನೆಲ ಕೆತ್ತಿ ತಗ್ಗು ಮಾಡಿದರೆ ಆ ಬೇರುಗಳೇ ತುಂಡಾಗುತ್ತವೆ. ದೊಡ್ಡ ಮರ ಕೂಡಿಟ್ಟ ಆಹಾರದಲ್ಲಿ ಕೆಲವು ವರ್ಷ ಜೀವ ಹಿಡಿದಿರುವುದರಿಂದ, ಸಾವಿಗೂ ನಮ್ಮ ಕೆಲಸಕ್ಕೂ ಇರುವ ನಂಟು ಕಣ್ಣಿಗೆ ಬೀಳುವುದಿಲ್ಲ.

ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ನನ್ನ ನಿಯತ್ತು ಒಳ್ಳೆಯದೇ ಆಗಿತ್ತು. ಅಷ್ಟಕ್ಕೇ ನಾನು ನಿರಪರಾಧಿಯೇ? ಮಣ್ಣಿನ ಬೆಲೆಯನ್ನು ನಾಲ್ಕು ಕಡೆ ವಿಚಾರಿಸಿದ್ದೆ. ಮರದ ಬಗ್ಗೆ ಬಲ್ಲ ಒಬ್ಬರನ್ನೂ ಕೇಳಿರಲಿಲ್ಲ. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಇರಬಹುದು. ಕೇಳಿದರೆ ತಿಳಿಯುತ್ತಿದ್ದುದನ್ನು ಕೇಳದೇ ಇದ್ದುದಕ್ಕೆ? ಕೊಡಲಿ ಹಿಡಿದವನಿಗೆ ತಾನು ಮಾಡುತ್ತಿರುವುದೇನೆಂದಾದರೂ ಗೊತ್ತಿರುತ್ತದೆ.

ಇದು ನನ್ನೊಬ್ಬನ ಕಥೆಯೂ ಅಲ್ಲ. ಮರಗಳ ಸುತ್ತ 1 ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಿರೆಂದು ದೆಹಲಿಯ ಆಡಳಿತಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ದಾರಿ ಇರಲಿಲ್ಲವೆಂದಲ್ಲ. ಕೊಂಬೆಗಳ ಅಂಚಿನವರೆಗೆ ಹಳೆಯ ನೆಲವನ್ನು ಹಾಗೆಯೇ ಬಿಟ್ಟು, ಆಚೆಗೆ ಆಳದ ಪಾಯ ತೋಡದೆ ಕಲ್ಲಿನ ತಡೆಗೋಡೆ ಕಟ್ಟಿ, ಒಳಗೆ ನಿಲ್ಲುವ ನೀರು ಹೊರಹೋಗುವಂತೆ ಮಾಡಬಹುದಿತ್ತು. ಅರ್ಧ ಅಂಗಳ ತಗ್ಗಾಗಿಯೇ ಉಳಿಯುತ್ತಿತ್ತು. ಮರಕ್ಕಾಗಿ ನಾವು ತೆರಬೇಕಾಗಿದ್ದ ಬೆಲೆ ಅಷ್ಟೆ.

ಆರೋಗ್ಯವಾದ ಮರ ನೆಲ ಸೇರುವಲ್ಲಿ ಅಗಲವಾಗುತ್ತದೆ. ಈಗ ಯಾರ ಅಂಗಳದಲ್ಲಾದರೂ ಕಂಬ ನೆಟ್ಟ ಹಾಗೆ ನೇರ ಮಣ್ಣಿಗಿಳಿದ ಮರ ಕಂಡರೆ ಬಾಗಿಲು ತಟ್ಟುತ್ತೇನೆ. ಬೇಗ ಮಣ್ಣು ತೆಗೆದರೆ ಉಳಿಯಬಹುದು ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಕೇಳುತ್ತಾರೆ.

ನಮ್ಮ ಅಂಗಳದಲ್ಲಿ ಈಗ ನೀರು ನಿಲ್ಲುವುದಿಲ್ಲ. ನೆರಳೂ ಇಲ್ಲ.