ಕರಣವೂ ಉಪಕರಣವೂ

ಇಂದ್ರಿಯಗಳನ್ನು ವೈರಿಗಳೆಂದು ಬಗೆದು ದಂಡಿಸುವ ಮಾರ್ಗವೊಂದುಂಟು. ಅವುಗಳನ್ನು ಲಿಂಗಮುಖಗಳೆಂದು ತಿಳಿದು ಶುದ್ಧಗೊಳಿಸುವ ಮಾರ್ಗ ಇನ್ನೊಂದುಂಟು. ಬಸವಾದಿ ಪ್ರಮಥರು ಹಿಡಿದುದು ಈ ಎರಡನೆಯ ಮಾರ್ಗವನ್ನು. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ಷಟ್‌ಸ್ಥಲಶಾಸ್ತ್ರವು ಅಂಗದ ಒಂದೊಂದು ಬಾಗಿಲಿಗೂ ಒಬ್ಬೊಬ್ಬ ಒಡೆಯನನ್ನು ನಿಲ್ಲಿಸಿದೆ. ಕಣ್ಣು ಕಂಡ ರೂಪವನ್ನು ಮೊದಲು ಶಿವಲಿಂಗಕ್ಕೆ ಅರ್ಪಿಸಿ, ಬಳಿಕ ಪ್ರಸಾದವಾಗಿ ಸ್ವೀಕರಿಸುವುದು ಭಕ್ತನ ನಡೆ. ಅರ್ಪಿಸದೆ ಉಂಡ ಅನ್ನದಂತೆಯೇ ಅರ್ಪಿಸದೆ ಕಂಡ ರೂಪವೂ ಅನರ್ಪಿತವೇ ಸರಿ.

ಈ ತತ್ತ್ವವನ್ನು ಪೂಜೆಯ ಹೊತ್ತಿಗೆ ಮಾತ್ರ ಮೀಸಲಿಟ್ಟು, ಪೇಟೆಗೆ ಹೋಗುವಾಗ ಮನೆಯಲ್ಲಿಯೇ ಬಿಟ್ಟುಹೋಗುವುದು ಉಚಿತವಲ್ಲ. ಏಕೆಂದರೆ ಈಗಿನ ಗೃಹಸ್ಥನ ಕಣ್ಣು ಬರಿಯ ಕಣ್ಣಾಗಿ ಉಳಿದಿಲ್ಲ. ಅದರ ಜೊತೆಗೆ ಕ್ಯಾಮರಾ ಎಂಬ ಯಂತ್ರವೊಂದು ಸೇರಿಕೊಂಡಿದೆ. ಛಾಯಾಗ್ರಹಣವನ್ನು ಹವ್ಯಾಸವಾಗಿ ಕೈಕೊಳ್ಳಬೇಕೆಂಬ ಆಸೆ ಎಷ್ಟೋ ಮನೆಗಳಲ್ಲಿ ಹುಟ್ಟುತ್ತಿದೆ. ಅಂತಹ ಒಬ್ಬ ಗೃಹಸ್ಥನನ್ನು ಕಣ್ಣೆದುರಿಗೆ ತಂದುಕೊಳ್ಳಬಹುದು. ಆತನು ಒಂದು ತಾಲ್ಲೂಕು ಕಚೇರಿಯ ಗುಮಾಸ್ತ. ಬೆಳಗಿನ ಪೂಜೆ ಮುಗಿಸಿ ಊರ ಕೆರೆಯ ಏರಿಯ ಮೇಲೆ ನಡೆಯುವಾಗ ನೀರಿಗಿಳಿಯುವ ಹಕ್ಕಿಗಳನ್ನು ಕಂಡು ಮನಸೋತಿದ್ದಾನೆ. ಅವುಗಳ ಚಿತ್ರ ತೆಗೆಯಬೇಕೆಂದು ತನ್ನ ಮೊದಲ ಡಿಜಿಟಲ್ ಕ್ಯಾಮರಾ ಕೊಳ್ಳಲು ಅಂಗಡಿಗೆ ಹೋಗಿದ್ದಾನೆ. ವ್ಯಾಪಾರಿಯು ಒಂದಕ್ಕಿಂತ ಒಂದು ದೊಡ್ಡದಾದ ಯಂತ್ರಗಳನ್ನು ಅವನ ಮುಂದಿರಿಸಿ, ಈಗ ಹಣ ಬೇಡ, ತಿಂಗಳ ಕಂತಿನಲ್ಲಿ ತೀರಿಸಿದರಾಯಿತು ಎನ್ನುತ್ತಾನೆ. ಈ ಗೃಹಸ್ಥನು ಯಾವುದನ್ನು ಆರಿಸಬೇಕು? ಇದು ಕೇವಲ ವ್ಯಾಪಾರದ ಪ್ರಶ್ನೆಯಂತೆ ತೋರಿದರೂ ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆಯೇ ಆಗಿದೆ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಕಾಯಕವನ್ನೇ ಕೈಲಾಸವೆಂದು ಸಾರಿದ ಧರ್ಮದಲ್ಲಿ ಹವ್ಯಾಸಕ್ಕೆ ಎಡೆಯೆಲ್ಲಿ? ಅನ್ನ ಹುಟ್ಟಿಸದ, ಜಂಗಮಕ್ಕೆ ಸಲ್ಲದ ಈ ವಿನೋದವು ವ್ಯರ್ಥವಲ್ಲವೆ? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಶರಣರ ವಚನಗಳಲ್ಲಿ ಹೂವು, ಹಣ್ಣು, ಕೋಗಿಲೆ, ನವಿಲು, ಹೊಳೆ, ಬೆಟ್ಟಗಳು ಬಂದುಹೋಗುವ ಬಗೆಯನ್ನು ಬಲ್ಲವರಿಗೆ ಒಂದು ವಿಷಯ ತಿಳಿದಿದೆ: ಅವರು ಕಣ್ಣು ಮುಚ್ಚಿ ಬದುಕಿದವರಲ್ಲ. ಕಾಯಕವಂತನ ಕಣ್ಣೇ ಹರಿತವಾದ ಕಣ್ಣು. ಜಗತ್ತನ್ನು ಎಚ್ಚರದಿಂದ ನೋಡಲು ಕಲಿಸುವ ಹವ್ಯಾಸವು ಅರಿವಿಗೆ ನೆರವಾಗಬಲ್ಲುದು. ನೋಡುವುದನ್ನು ಮರೆಯಿಸಿ ಕೊಳ್ಳುವುದನ್ನು ಮಾತ್ರ ಕಲಿಸುವ ಹವ್ಯಾಸವು ಭವಕ್ಕೆ ಇನ್ನೊಂದು ಗಂಟನ್ನು ಹಾಕುವುದು. ಆದಕಾರಣ ಹವ್ಯಾಸ ಬೇಕೋ ಬೇಡವೋ ಎಂಬುದಕ್ಕಿಂತ, ಅದರಲ್ಲಿ ಯಾವುದು ಒಡೆಯ, ಯಾವುದು ಆಳು ಎಂಬುದನ್ನು ತಿಳಿಯುವುದೇ ಮುಖ್ಯ.

ಇದನ್ನು ತಿಳಿಯಲು ‘ಉಪಕರಣ’ವೆಂಬ ಶಬ್ದವೇ ಸಾಕು. ಕರಣವೆಂದರೆ ಇಂದ್ರಿಯ, ‘ಉಪ’ ಎಂದರೆ ಬಳಿಯಲ್ಲಿ. ಕರಣದ ಬಳಿ ನಿಂತು ಅದಕ್ಕೆ ಸೇವೆ ಸಲ್ಲಿಸುವುದೇ ಉಪಕರಣ. ಮಡಿವಾಳ ಮಾಚಯ್ಯನಿಗೆ ಬಟ್ಟೆ ಒಗೆಯುವ ಕಲ್ಲು, ಜೇಡರ ದಾಸಿಮಯ್ಯನಿಗೆ ಮಗ್ಗ, ಅಂಬಿಗರ ಚೌಡಯ್ಯನಿಗೆ ಹುಟ್ಟು, ಮೇದಾರ ಕೇತಯ್ಯನಿಗೆ ಬಿದಿರು ಸೀಳುವ ಕತ್ತಿ. ಇವರಲ್ಲಿ ಯಾರೂ ಉಪಕರಣದಿಂದ ದೊಡ್ಡವರಾಗಲಿಲ್ಲ. ಇವರ ಕೈ ಸೋಂಕಿ ಆ ಉಪಕರಣಗಳೇ ಪೂಜ್ಯವಾದವು. ಹೊಳೆಯ ಅಗಲಕ್ಕೆ ತಕ್ಕ ದೋಣಿ, ನೂಲಿಗೆ ತಕ್ಕ ಮಗ್ಗ ಎಂಬಂತೆ ನೋಟಕ್ಕೆ ತಕ್ಕ ಕ್ಯಾಮರಾ ಇರಬೇಕಲ್ಲದೆ, ಕ್ಯಾಮರಾ ಕೊಂಡ ಮೇಲೆ ನೋಟವನ್ನು ಹುಡುಕಿಕೊಂಡು ಹೋಗುವುದು ತಲೆಕೆಳಗಾದ ಕ್ರಮ.

ಈ ಯಂತ್ರದ ಬಗೆಯನ್ನೂ ಸ್ವಲ್ಪ ತಿಳಿಯುವುದು ಒಳಿತು. ಅರಿಯದೆ ಕೊಂಡವನು ವ್ಯಾಪಾರಿಯ ಮಾತಿಗೆ ಅಧೀನನಾಗುತ್ತಾನೆ. ಬೆಳಕನ್ನು ವಿದ್ಯುತ್ತಿನ ಕಣಗಳಾಗಿ ಹಿಡಿದಿಡುವ ಚಿಪ್ಪನ್ನು ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕಲ್ಪಿಸಿದರು. ಅದಕ್ಕಾಗಿ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 1975ರಲ್ಲಿ ಕೊಡಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಇದ್ದುದು ಕೇವಲ 10,000 ಚುಕ್ಕೆಗಳು. ಒಂದು ಚಿತ್ರವನ್ನು ಕ್ಯಾಸೆಟ್ ಸುರುಳಿಯ ಮೇಲೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಇಂದು 2 ಕೋಟಿ 40 ಲಕ್ಷ ಚುಕ್ಕೆಗಳ ಕ್ಯಾಮರಾ ಸಾಮಾನ್ಯವಾಗಿದೆ. ಯಂತ್ರವು ಇಷ್ಟು ಬೆಳೆಯಿತು. ಅದರ ಹಿಂದೆ ನಿಲ್ಲುವ ಕಣ್ಣು ಎಷ್ಟು ಬೆಳೆಯಿತೆಂಬುದೇ ಪ್ರಶ್ನೆ.

ಕ್ಯಾಮರಾವನ್ನು ಆರಿಸುವವನಿಗೆ ಮೂರು ಅಳತೆಗಳುಂಟು. ಮೊದಲನೆಯದು ಅರಿವಿನ ಅಳತೆ. ನೋಡಬೇಕಾದುದೇನು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮನೆಯವರ ಮುಖ, ಊರ ಜಾತ್ರೆ, ಲಕ್ಕುಂಡಿಯ ಕಲ್ಲುಗೆಲಸ ಇವು ಬೇಕಾದವನಿಗೆ ಕ್ಯಾಮರಾದ ಜೊತೆಗೇ ಬರುವ 18ರಿಂದ 55 ಮಿಲಿಮೀಟರಿನ ಲೆನ್ಸು ಸಾಕು. ದೀಪದ ಬೆಳಕಿನಲ್ಲಿ ಚಿತ್ರ ತೆಗೆಯಬೇಕಾದರೆ ಲೆನ್ಸಿನ ಕಿಂಡಿ ಅಗಲವಾಗಿರಬೇಕು. ಅದರ ಸಂಖ್ಯೆ ಕಿರಿದಾದಷ್ಟೂ ಕಿಂಡಿ ಹಿರಿದು. ಎಫ್ 3.5ರ ಕಿಂಡಿಗಿಂತ ಎಫ್ 1.8ರ ಕಿಂಡಿಯು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಹಕ್ಕಿಗಳು ಬೇಕಾದರೆ 300 ಅಥವಾ 400 ಮಿಲಿಮೀಟರಿನ ದೂರದ ಲೆನ್ಸು ಬೇಕು. ಅದರ ಬೆಲೆ ಎಷ್ಟೋ ಸಲ ಕ್ಯಾಮರಾದ ಬೆಲೆಯನ್ನು ಮೀರುತ್ತದೆ. ಒಂದು ಸಂಸ್ಥೆಯ ಲೆನ್ಸು ಇನ್ನೊಂದು ಸಂಸ್ಥೆಯ ಕ್ಯಾಮರಾಕ್ಕೆ ನೇರವಾಗಿ ಹೊಂದದಾದ್ದರಿಂದ, ಮೊದಲ ಆಯ್ಕೆಯು ಮುಂದಿನ ಆಯ್ಕೆಗಳನ್ನೂ ಕಟ್ಟಿಹಾಕುತ್ತದೆ. ಇಷ್ಟೆಲ್ಲ ಇದ್ದರೂ ಹಕ್ಕಿಯ ಸ್ವಭಾವವನ್ನು ಅರಿಯದವನಿಗೆ ಯಾವ ಲೆನ್ಸೂ ಹಕ್ಕಿಯನ್ನು ಹತ್ತಿರ ತರಲಾರದು. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ಆ ಕಾಡುಮೇಡುಗಳನ್ನೂ ಅಲ್ಲಿನ ಜೀವಿಗಳನ್ನೂ ಬಲ್ಲವರಾಗಿದ್ದರೆಂಬುದನ್ನು ಮರೆಯಬಾರದು.

ಎರಡನೆಯದು ಸಾಕೆಂಬ ಅಳತೆ. ಇದನ್ನು ಕಲಿಸಿದವಳು ಆಯ್ದಕ್ಕಿ ಲಕ್ಕಮ್ಮ. 12ನೆಯ ಶತಮಾನದ ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇರಿಸಿಕೊಂಡು ಉಳಿದುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಕಳುಹಿದಳೆಂದು ಶರಣರ ಕಥೆಗಳು ಹೇಳುತ್ತವೆ. ಅಕ್ಕಿಯು ಕಳವಿನದಲ್ಲ, ಅಳತೆ ಮೀರಿದುದೇ ಅದರ ದೋಷ. ಇದನ್ನು ಅಂಗಡಿಯ ಲೆಕ್ಕಕ್ಕೆ ತಂದು ನೋಡಬಹುದು. ಗೋಡೆಗೆ ತೂಗುಹಾಕುವ 12 ಅಂಗುಲ ಅಗಲ 8 ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಹಾಕಲು ಬೇಕಾದುದು 86 ಲಕ್ಷ 40 ಸಾವಿರ ಚುಕ್ಕೆಗಳು ಮಾತ್ರ. ಹೀಗಿರುವಾಗ 4 ಕೋಟಿ, 6 ಕೋಟಿ ಚುಕ್ಕೆಗಳ ಯಂತ್ರವು ಹೊಸಬನಿಗೆ ಮಾರಯ್ಯನ ಹೆಚ್ಚಿನ ಅಕ್ಕಿಯೇ ಆಗುತ್ತದೆ. ಬೆಳಕನ್ನು ಹಿಡಿಯುವ ಚಿಪ್ಪಿನ ಗಾತ್ರದ ಮಾತೂ ಇಂತಹುದೇ. 36 ಮಿಲಿಮೀಟರು ಅಗಲ, 24 ಮಿಲಿಮೀಟರು ಎತ್ತರದ ದೊಡ್ಡ ಚಿಪ್ಪು ಮಂದ ಬೆಳಕಿನಲ್ಲಿ ಮೇಲಾದುದು ನಿಜ. ಆದರೆ ಅದಕ್ಕೆ ಹೊಂದುವ ಲೆನ್ಸುಗಳು ಸಾಮಾನ್ಯವಾಗಿ ಹೆಚ್ಚು ಭಾರವಾದವು, ಹೆಚ್ಚು ಬೆಲೆಯವು. ಸುಮಾರು 23.5ಕ್ಕೆ 15.6 ಮಿಲಿಮೀಟರಿನ ನಡುವಣ ಚಿಪ್ಪು ಕಲಿಯುವವನಿಗೆ ಧಾರಾಳವಾಗಿ ಸಾಕು. ಕೈಯಲ್ಲಿರುವ ಫೋನಿನ ಚಿಪ್ಪು ಇದಕ್ಕಿಂತ ಬಹಳ ಚಿಕ್ಕದಾದರೂ, ಚೌಕಟ್ಟು ಹಾಕುವುದನ್ನು, ಬೆಳಕು ಬೀಳುವ ದಿಕ್ಕನ್ನು ಗಮನಿಸುವುದನ್ನು ಅದರಲ್ಲಿಯೂ ಕಲಿಯಬಹುದು. ಆರು ತಿಂಗಳು ಹಾಗೆ ಕಲಿತ ಮೇಲೆಯೂ ಆಸೆ ಉಳಿದಿದ್ದರೆ ಅದನ್ನು ಹವ್ಯಾಸವೆನ್ನಬಹುದು. ಉಳಿಯದಿದ್ದರೆ ಅದು ಅಂಗಡಿಯ ಗಾಜಿನ ಹಿಂದೆ ಹುಟ್ಟಿ ಅಲ್ಲಿಯೇ ಸತ್ತ ಆಸೆ.

ಒಬ್ಬರು ಬಳಸಿದ ಕ್ಯಾಮರಾವನ್ನು ಕೊಳ್ಳುವುದರಲ್ಲಿಯೂ ಕುಂದೇನಿಲ್ಲ. ಆರಂಭದ ದರ್ಜೆಯ ಅನೇಕ ಕ್ಯಾಮರಾಗಳ ಒಳಪರದೆಯು ಸುಮಾರು 1 ಲಕ್ಷ ಸಲ ತೆರೆದು ಮುಚ್ಚುವಷ್ಟು ಬಾಳಿಕೆಯದು. ಅದು ಈವರೆಗೆ ಎಷ್ಟು ಸಲ ತೆರೆದಿದೆಯೆಂಬ ಎಣಿಕೆಯನ್ನು ಕೇಳಿ ತಿಳಿಯಬೇಕು. ಲೆನ್ಸಿನೊಳಗೆ ಬ್ಯಾಟರಿ ದೀಪದ ಬೆಳಕು ಹಾಯಿಸಿ ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ಮಲೆನಾಡಿನ ಮಳೆಗಾಲವನ್ನು ಕಂಡ ಲೆನ್ಸಾದರೆ ಇನ್ನೂ ಎಚ್ಚರ ಬೇಕು.

ಮೂರನೆಯದು ದಾಸೋಹದ ಅಳತೆ. ಎಲ್ಲಕ್ಕಿಂತ ಕಠಿಣವಾದುದು ಇದೇ. ಮೇಲೆ ಹೇಳಿದ ಗೃಹಸ್ಥನು ಕಂತಿನ ಕಾಗದವನ್ನು ಹಿಡಿದು ಮನೆಗೆ ಬಂದನೆನ್ನೋಣ. ಹೆಂಡತಿ ಅದನ್ನು ಓದಿ, “ಅತ್ತೆಯವರ ಕಣ್ಣಿನ ಪೊರೆ ತೆಗೆಸಬೇಕೆಂದು ಡಾಕ್ಟರು ಹೇಳಿ ವರ್ಷವಾಯಿತಲ್ಲ” ಎಂದಳು. ಅವಳು ಬೇಡವೆನ್ನಲಿಲ್ಲ, ಜಗಳವಾಡಲಿಲ್ಲ. ಅಷ್ಟು ಮಾತ್ರ ಹೇಳಿ ಒಳಗೆ ಹೋದಳು. ಆ ತಾಯಿಯು ಕರಸ್ಥಲದ ಲಿಂಗವನ್ನು ಬೆರಳಿನಿಂದ ಸವರಿ ಕಾಣುತ್ತಿದ್ದಾಳೆ. ವಿಭೂತಿಯ ಗಟ್ಟಿ ಎಲ್ಲಿದೆಯೆಂದು ಮೊಮ್ಮಗಳನ್ನು ಕೇಳುತ್ತಿದ್ದಾಳೆ. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂಡಿಸುತ್ತಾರೆ. ಲೆನ್ಸು ಎಂದರೂ ಮಸೂರ ಎಂದರೂ ಒಂದೇ. ಹೀಗೆ ಆ ಮನೆಯಲ್ಲಿ ಎರಡು ಲೆನ್ಸುಗಳು ಎದುರುಬದುರಾಗಿ ನಿಂತಿವೆ: ಒಂದು ಮಗನ ವಿನೋದಕ್ಕೆ, ಇನ್ನೊಂದು ತಾಯಿಯ ಲಿಂಗದರ್ಶನಕ್ಕೆ. ಮೊದಲು ಸಲ್ಲಬೇಕಾದುದು ಯಾವುದೆಂದು ಹೇಳಲು ಶಾಸ್ತ್ರ ಬೇಡ.

ಆದರೆ ಇದಕ್ಕೊಂದು ಮರುಪ್ರಶ್ನೆಯುಂಟು. ಲೋಕದಲ್ಲಿ ಪೊರೆ ಬಂದ ಕಣ್ಣುಗಳು ಎಂದಿಗೂ ಇರುತ್ತವೆ, ಹಸಿದ ಹೊಟ್ಟೆಗಳು ಎಂದಿಗೂ ಇರುತ್ತವೆ. ಅವೆಲ್ಲ ತೀರಲೆಂದು ಕಾದರೆ ಭಕ್ತನು ಒಂದು ಹೂವನ್ನೂ ಕೊಳ್ಳಲಾರನಲ್ಲ? ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಲಕ್ಕಮ್ಮನ ನಡೆಯಲ್ಲಿಯೇ ಇದಕ್ಕೆ ಉತ್ತರವಿದೆ. ಅವಳು ಅಕ್ಕಿಯನ್ನೆಲ್ಲ ಹಿಂದಕ್ಕೆ ಕಳುಹಿಸಲಿಲ್ಲ, ಬೇಕಾದಷ್ಟನ್ನು ಉಳಿಸಿಕೊಂಡಳು. ಶರಣಧರ್ಮವು ಬರಿಗೈಯನ್ನು ವಿಧಿಸುವುದಿಲ್ಲ, ಅಳತೆಯನ್ನು ವಿಧಿಸುತ್ತದೆ. ತನ್ನ ಹೊಣೆಗೆ ಸೇರಿದವರ ಅಗತ್ಯವನ್ನು ಮುಂದೂಡಿ ಕೊಂಡುದು ಭೋಗ. ಸತ್ಯಶುದ್ಧ ಕಾಯಕದಿಂದ ಗಳಿಸಿ, ದಾಸೋಹದ ಪಾಲನ್ನು ಸಲ್ಲಿಸಿ, ಸಾಲವಿಲ್ಲದೆ ಕೊಂಡುದು ಪ್ರಸಾದವಾಗಲು ಯೋಗ್ಯ. ಲೋಕದ ನೋವೆಲ್ಲ ತನ್ನಿಂದ ತೀರದಿರಬಹುದು. ಆದರೆ ತೀರದೆಂಬ ನೆವದಿಂದ ಮನೆಯೊಳಗಿನ ನೋವನ್ನು ಕಾಣದಂತಿರುವುದು ಕಣ್ಣಿದ್ದೂ ಕುರುಡಾದಂತೆ.

ಕೊಂಡ ಮೇಲೆಯೂ ಪರೀಕ್ಷೆ ಮುಗಿಯುವುದಿಲ್ಲ. ಹಿಂದಿನ ಫಿಲ್ಮಿನ ಸುರುಳಿಯಲ್ಲಿ 36 ಚಿತ್ರಗಳಿಗೆ ಮಾತ್ರ ಎಡೆಯಿತ್ತು. ಗುಂಡಿ ಒತ್ತುವ ಮೊದಲು ಮನುಷ್ಯನು ಯೋಚಿಸುತ್ತಿದ್ದನು. ಈಗ ಉಗುರಿನಗಲದ ಕಾರ್ಡಿನಲ್ಲಿ ಸಾವಿರಾರು ಚಿತ್ರಗಳು ಹಿಡಿಯುತ್ತವೆ. ತೆಗೆದವನೇ ಅವನ್ನು ಮತ್ತೆ ನೋಡುವುದಿಲ್ಲ. ಇದೂ ಒಂದು ಸಂಗ್ರಹವೇ. ದಿನಕ್ಕೆ ಹತ್ತು ಚಿತ್ರಗಳೆಂದು ತನಗೆ ತಾನೇ ನೇಮ ಹಾಕಿಕೊಂಡವನು ಬೇಗ ಕಲಿಯುತ್ತಾನೆ. ಗೂಡಿನಲ್ಲಿ ಮರಿಗಳಿರುವ ಹಕ್ಕಿಯನ್ನು ಚಿತ್ರಕ್ಕಾಗಿ ಬೆದರಿಸುವುದು ದಯೆಯಿಲ್ಲದ ಕೆಲಸ. ದಾಸೋಹದ ಪಂಕ್ತಿಯಲ್ಲಿ ಉಣ್ಣುತ್ತಿರುವ ಬಡವನ ಮುಖವನ್ನು ಅವನನ್ನು ಕೇಳದೆ ಸೆರೆಹಿಡಿದು ನಾಲ್ವರಿಗೆ ತೋರಿಸುವುದು ಅವನ ತಟ್ಟೆಯಿಂದ ತುತ್ತು ಕಸಿದಂತೆ. ಬಡಿಸುವವನು ಬಡಿಸುವಾಗ ಕ್ಯಾಮರಾದ ಕಡೆಗೆ ನೋಡಿದರೆ ಆ ಅನ್ನ ಜಂಗಮಕ್ಕೆ ಸಂದಿತೋ ಯಂತ್ರಕ್ಕೆ ಸಂದಿತೋ ಎಂಬುದನ್ನು ಅವನೇ ವಿಚಾರಿಸಿಕೊಳ್ಳಬೇಕು.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, ಅದರ ಕರಿಯ ಕವಚದ ಮೇಲೆ ಹೊಳೆಯುವ ದೀಪದ ಬಿಂದುವಿನಲ್ಲಿ ಎವೆಯಿಕ್ಕದೆ ನೋಟವನ್ನು ನಿಲ್ಲಿಸುವ ಅಭ್ಯಾಸವನ್ನು ಗುರುವು ಪ್ರತಿಯೊಬ್ಬ ದೀಕ್ಷಿತನಿಗೂ ಕೊಟ್ಟಿದ್ದಾನೆ. ಅಲ್ಲಿ ಬೇಕಾದುದು ಅಲುಗದ ಕೈ, ಹದವಾದ ಉಸಿರು, ಒಂದೆಡೆ ನಿಂತ ಮನಸ್ಸು. ಒಳ್ಳೆಯ ಚಿತ್ರ ತೆಗೆಯಲು ಬೇಕಾದುದೂ ಇವೇ ಮೂರು; ಇವು ಯಾವ ಅಂಗಡಿಯಲ್ಲಿಯೂ ಕಂತಿಗೆ ದೊರೆಯವು. ಆ ಗೃಹಸ್ಥನು ಕಂತಿನ ಕಾಗದವನ್ನು ಮಡಿಸಿಟ್ಟು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಫೋನಿನಲ್ಲಿಯೇ ಆರು ತಿಂಗಳು ಕೆರೆಯ ಏರಿಯ ಮೇಲೆ ನೋಡುವುದನ್ನು ಕಲಿಯಲಿ. ಬಳಿಕ ಉಳಿತಾಯದ ಹಣದಲ್ಲಿ, ಬಳಸಿದುದೇ ಆಗಲಿ, ತನ್ನ ಕೈಗೂ ನೋಟಕ್ಕೂ ಹೊಂದುವ ಒಂದು ಕ್ಯಾಮರಾವನ್ನು ಕೊಳ್ಳಲಿ. ಅದರಲ್ಲಿ ತೆಗೆದ ಮೊದಲ ಹಕ್ಕಿಯ ಚಿತ್ರವನ್ನು ಭಾವದಲ್ಲಿ ಶಿವಲಿಂಗಕ್ಕೆ ಅರ್ಪಿಸಿ, ತಾಯಿಯ ಮುಂದೆ ಹಿಡಿಯಲಿ. ಆ ಹಕ್ಕಿ ಯಾವುದೆಂದು ಅವಳು ಕೇಳದೆಯೇ ಗುರುತಿಸಿದಳಾದರೆ, ಅವನು ಆರಿಸಿದ ಲೆನ್ಸುಗಳೆರಡೂ ಸರಿಯಾದುವೇ.