ಮುಖ ಬದಲಾದರೆ ಗಿಡಕ್ಕೇನು?

ಬೇವಿನ ಬೀಜದ ಕಷಾಯದ ಲೆಕ್ಕ ಯಾರು ಹೇಳಿದರೂ ಒಂದೇ. 5 ಕಿಲೋ ಬೀಜ ಕುಟ್ಟಿ ಪುಡಿ ಮಾಡಿ, ಅರಿವೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿ, ಎಲೆಗೆ ಅಂಟಿಕೊಳ್ಳಲೆಂದು ಒಂದಿಷ್ಟು ಸೋಪಿನ ನೀರು ಸೇರಿಸಿ, ಸಂಜೆ ಹೊತ್ತಿಗೆ ಸಿಂಪಡಿಸಬೇಕು. ಮನೆಯ ಕುಂಡಗಳಿಗಾದರೆ ಲೀಟರಿಗೆ 50 ಗ್ರಾಂ ಸಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ಹೇಳಿದರೂ ಅಷ್ಟೇ, ಟಿವಿಯಲ್ಲಿ ನಿರೂಪಕಿ ಹೇಳಿದರೂ ಅಷ್ಟೇ. ಮೆಣಸಿನ ಗಿಡದ ಹೇನಿಗೆ ಹೇಳಿದವರ ಹೆಸರು ಬೇಕಿಲ್ಲ.

ಆದರೆ ನಮ್ಮ ಓಣಿಗೆ ಬೇಕು. ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳಿಗೆ ಇನ್ನೂ ಅಷ್ಟಿಷ್ಟು ಹಿತ್ತಲು ಉಳಿದಿದೆ. ಹಿತ್ತಲು ಹೋದವರು ತಾರಸಿಯ ಮೇಲೆ ಬಣ್ಣದ ಡಬ್ಬಿ, ಒಡೆದ ಬಕೆಟ್ಟು ಜೋಡಿಸಿಕೊಂಡಿದ್ದಾರೆ. ಸಂಜೆಯ ಕೃಷಿ ಕಾರ್ಯಕ್ರಮವನ್ನು ರೈತರಿಗಿಂತ ಹೆಚ್ಚು ನಿಷ್ಠೆಯಿಂದ ನೋಡುವವರು ಇವರೇ. ಅಂಥದೊಂದು ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಕಂಡಿದ್ದ ನಿರೂಪಕ ಒಂದು ದಿನ ಕಾಣಲಿಲ್ಲ. ಆತನ ಜಾಗದಲ್ಲಿ ಒಬ್ಬ ತರುಣಿ ನಿಂತಿದ್ದಳು. ಮರುದಿನ ಹೂವಿನವಳು ಬರುವ ಹೊತ್ತಿಗೆ ಕಟ್ಟೆಯ ಮೇಲೆ ನ್ಯಾಯ ಶುರುವಾಗಿತ್ತು.

“ಆಕಿ ಉಟ್ಟ ಸೀರಿ ನೋಡ್ರಿ, ಹೊಲದಾಗ ನಿಂತಾಳೋ ಲಗ್ನದ ಮಂಟಪದಾಗ ನಿಂತಾಳೋ?” ಎಂದರು ಎದುರು ಮನೆಯ ವೈನಿ. ರೈಲ್ವೆಯಿಂದ ನಿವೃತ್ತರಾದ ಕಾಕಾ ಅವರದು ಬೇರೆ ತಕರಾರು: “ಮೊದಲಿನಾಂವ ರೈತ ಮಾತಾಡೂಮುಂದ ಸುಮ್ಮನ ಇರತಿದ್ದ. ಈಕಿ ಅವನ ಬಾಯಾಗಿನ ಮಾತು ಕಸಗೋತಾಳ.” ಸೀರೆಯ ಮಾತನ್ನು ನಾನು ಬಿಟ್ಟುಬಿಡುತ್ತೇನೆ, ಹೊಸ ನಿರೂಪಕ ಗಂಡಸಾಗಿದ್ದರೆ ಅಂಗಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಕಾಕಾ ಹೇಳಿದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಹುಡುಗನೊಬ್ಬ “ಮುಖ ಬದಲಾದ್ರ ಗಿಡಕ್ಕೇನಾಗತೈತಿ ಅಜ್ಜಿ?” ಎಂದ. ಅಜ್ಜಿ ಕರಿಬೇವು ಬಿಡಿಸುತ್ತಲೇ ಉತ್ತರ ಕೊಟ್ಟರು: “ಗಿಡಕ್ಕ ಏನೂ ಆಗೂದಿಲ್ಲೋ ತಮ್ಮಾ. ಆದ್ರ ಅದಕ್ಕ ನೀರು ಹಾಕಾಕಿ ನಾ ಅಲ್ಲೇನು?”

ಅಂದಿನಿಂದ ಈ ಉತ್ತರವನ್ನು ಮೆಲುಕು ಹಾಕುತ್ತಿದ್ದೇನೆ. ವಾರ್ತೆ ಓದುವವರು ಬದಲಾದರೆ ಎರಡು ದಿನ ಏನೋ ಅನ್ನಿಸುತ್ತದೆ, ಮೂರನೆಯ ದಿನ ಮರೆಯುತ್ತದೆ. ಅಡುಗೆಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯೊಳಗೆ ಒಗ್ಗರಣೆ ಬಿದ್ದು, ರುಚಿ ನೋಡಿ, ತಲೆದೂಗಿಯೂ ಆಗಿರುತ್ತದೆ. ಗಿಡದ ವಿಷಯದಲ್ಲಿ ಈ ಅವಸರ ನಡೆಯುವುದಿಲ್ಲ. ಇವತ್ತು ಹಾಕಿದ ಬದನೆಯ ಬೀಜಕ್ಕೆ ನಿರೂಪಕನೂ ಕಾಯಬೇಕು, ನೋಡುವವರೂ ಕಾಯಬೇಕು. ಕಸಿ ಮಾವು ಕಾಯಿ ಹಿಡಿಯಲು ನಾಲ್ಕೈದು ವರ್ಷ. ಅಷ್ಟರಲ್ಲಿ ನಿರೂಪಕನ ಮೀಸೆ ಬೆಳ್ಳಗಾಗಿರುತ್ತದೆ, ನಮ್ಮ ಮನೆಯ ಮಗಳು ಅತ್ತೆಯ ಮನೆಗೆ ಹೋಗಿರುತ್ತಾಳೆ. ಒಬ್ಬ ಅಪರಿಚಿತನ ಜೊತೆ ಇಷ್ಟು ಋತುಗಳನ್ನು ಕಾಯುತ್ತ ಕಳೆಯುತ್ತೇವೆ, ಆತನಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ! ಇದಕ್ಕಿಂತ ವಿಚಿತ್ರವಾದ ನಂಟು ಇನ್ನಾವುದಿದೆ?

ಇಂಗ್ಲೆಂಡಿನಲ್ಲಿ ಈ ನಂಟು ಇನ್ನೂ ಗಟ್ಟಿ. ಅಲ್ಲಿ ಬಿಬಿಸಿಯ ‘ಗಾರ್ಡನರ್ಸ್ ವರ್ಲ್ಡ್’ 1968ರಿಂದ ನಡೆದು ಬಂದಿದೆ. ಮೊದಮೊದಲಿನ ವರ್ಷಗಳ ಪ್ರಸಿದ್ಧ ನಿರೂಪಕ ಪರ್ಸಿ ಥ್ರೋವರ್. ರಾಸಾಯನಿಕ ಕಂಪನಿಯೊಂದರ ಜಾಹೀರಾತಿಗೆ ಒಪ್ಪಿಕೊಂಡನೆಂದು 1976ರಲ್ಲಿ ಆತನನ್ನು ಕೈಬಿಟ್ಟರು. 1979ರಿಂದ ನಡೆಸಿದ ಜೆಫ್ ಹ್ಯಾಮಿಲ್ಟನ್ 1996ರ ಆಗಸ್ಟ್‌ನಲ್ಲಿ ಸೈಕಲ್ ಯಾತ್ರೆಯೊಂದರಲ್ಲಿ ತುಳಿಯುತ್ತಿರುವಾಗಲೇ ಹೃದಯ ನಿಂತು ತೀರಿಕೊಂಡ. ಆಮೇಲೆ ಅಲನ್ ಟಿಚ್‌ಮಾರ್ಷ್, 2003ರಿಂದ ಮಾಂಟಿ ಡಾನ್. ಈ ಮಾಂಟಿ ಡಾನ್ ಬಂದಾಗ ಗೊಣಗಿದವರಿಗೆ ಸಿಕ್ಕ ನೆಪವೆಂದರೆ ಆತ ತೋಟಗಾರಿಕೆಯನ್ನು ಯಾವ ಸಂಸ್ಥೆಯಲ್ಲೂ ಕಲಿತವನಲ್ಲ, ತಾನೇ ಮಣ್ಣು ಕೆದಕಿ ಕಲಿತವನು ಎಂಬುದು. 2008ರಲ್ಲಿ ಆರೋಗ್ಯ ಕೆಟ್ಟು ಆತ ಬಿಟ್ಟಾಗ ಟೋಬಿ ಬಕ್‌ಲ್ಯಾಂಡ್ ಬಂದ. ಇವನು ಶಾಸ್ತ್ರ ಓದಿ ಕಲಿತವನು. ಈಗ ಜನ ಮಾಂಟಿಯೇ ಬೇಕೆಂದರು! 2011ರಲ್ಲಿ ಮಾಂಟಿ ಮರಳಿದ. ಟೋಬಿಯ ತಪ್ಪೇನು ಎಂದು ಕೇಳಿದರೆ, ಆತ ಹಿಂದಿನವನಾಗಿರಲಿಲ್ಲ ಎನ್ನುವುದರ ಹೊರತು ನನಗೆ ಬೇರೇನೂ ತೋಚುವುದಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಅಲ್ಲಿ ನಿರೂಪಕ ಬದಲಾದರೆ ಎಷ್ಟೋ ಸಲ ತೋಟವೂ ಬದಲಾಗುತ್ತದೆ. ಹ್ಯಾಮಿಲ್ಟನ್ ತನ್ನ ಬಾರ್ನ್ಸ್‌ಡೇಲ್ ತೋಟದಿಂದ ಮಾತಾಡುತ್ತಿದ್ದ, ಟಿಚ್‌ಮಾರ್ಷ್ ತನ್ನ ಹಿತ್ತಲಿನಿಂದ, ಮರಳಿ ಬಂದ ಮಾಂಟಿ ತನ್ನ ಲಾಂಗ್‌ಮೆಡೋದಿಂದ. ಹ್ಯಾಮಿಲ್ಟನ್ ಹೋದಾಗ, ನೋಡುವವಳು ವರ್ಷಗಟ್ಟಲೆ ಚಿಗುರು, ಹೂವು, ಎಲೆಯುದುರು ನೋಡಿದ್ದ ಗಿಡಗಳೆಲ್ಲ ಒಂದೇ ವಾರದಲ್ಲಿ ಕಣ್ಣಿಂದ ಮರೆಯಾದವು. ಆ ಗಿಡಗಳೇನೋ ತಮ್ಮ ಪಾಡಿಗೆ ಬೆಳೆಯುತ್ತಲೇ ಇದ್ದವು. ಬಾರ್ನ್ಸ್‌ಡೇಲ್ ತೋಟಕ್ಕೆ ಮುಂದೆ ಜನ ಟಿಕೆಟ್ ಕೊಂಡು ಹೋದರು. ತಾನು ನೀರು ಹಾಕದ, ಮುಟ್ಟದ, ವಾಸನೆಯನ್ನೂ ಹಿಡಿಯದ ಗಿಡವೊಂದು ಕಾಣದಾದಾಗ ಮನುಷ್ಯನಿಗೆ ಕಳವಳವಾಗುತ್ತದೆ. 2020ರಲ್ಲಿ ಮಾಂಟಿಯ ನಾಯಿ ನಿಜೆಲ್ ಸತ್ತಾಗಲಂತೂ ಅದು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ನಾಯಿ ಗೊಬ್ಬರದ ಬಗ್ಗೆ ಒಂದು ಮಾತೂ ಹೇಳಿದ್ದಿಲ್ಲ, ಹಳದಿ ಚೆಂಡು ಕಚ್ಚಿಕೊಂಡು ಚೌಕಟ್ಟಿನ ಮೂಲೆಯಲ್ಲಿ ಓಡಾಡಿತ್ತು ಅಷ್ಟೇ.

ನಮ್ಮಲ್ಲಿ ರೀತಿಯೇ ಬೇರೆ. ದೂರದರ್ಶನದ ‘ಕೃಷಿ ದರ್ಶನ’ 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ಶುರುವಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಸಹಾಯದಿಂದ, ನಮ್ಮ ನೆರೆಯ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಊರಿಗೊಂದೇ ಟಿವಿಯ ಮುಂದೆ ಕೂತು ಬೇಸಾಯದ ಕಾರ್ಯಕ್ರಮ ನೋಡಿದರು. ಅಂದಿನಿಂದ ಇಂದಿನವರೆಗೆ ನಮ್ಮ ಕ್ಯಾಮೆರಾ ಹೊಲದಿಂದ ಹೊಲಕ್ಕೆ ಅಲೆಯುತ್ತದೆ. ಇವತ್ತು ನವಲೂರಿನ ಪೇರಲ, ನಾಳೆ ಬ್ಯಾಡಗಿಯ ಮೆಣಸಿನಕಾಯಿ, ನಾಡಿದ್ದು ಶಿರಸಿಯ ಅಡಿಕೆ. ಒಮ್ಮೆ ಕಂಡ ತೋಟ ಮತ್ತೆ ಕಾಣುವುದಿಲ್ಲ, ರೈತ ಕಾಣುವುದಿಲ್ಲ, ವಿಜ್ಞಾನಿಯೂ ಬೇರೆ. ದಿನವೂ ಕಾಣುವುದು ಮೈಕ್ ಹಿಡಿದ ಆ ಒಂದು ಮುಖ. ಇಂಗ್ಲೆಂಡಿನ ಅಜ್ಜಿಗೆ ತೋಟವಾದರೂ ಇತ್ತು. ನಮ್ಮ ಓಣಿಯ ಅಜ್ಜಿಗೆ ಆ ಮುಖವೇ ತೋಟ. ಅದು ಹೋದರೆ ಏನೂ ಉಳಿಯುವುದಿಲ್ಲ.

ಟಿವಿಗಿಂತ ಮುಂಚೆ ಮುಖವೂ ಇರಲಿಲ್ಲ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಿಂದ ದನಿಯೊಂದೇ ಬರುತ್ತಿತ್ತು. ಬೇಂದ್ರೆಯವರು ಸಲಹೆಗಾರರಾಗಿದ್ದ, ಮಲ್ಲಿಕಾರ್ಜುನ ಮನ್ಸೂರರು ಓಡಾಡಿದ ನಿಲಯ ಅದು. ಈ ಊರಿನ ಕಿವಿ ಪಳಗಿದ್ದು ಅಲ್ಲಿ. ಅದೇ ರಾಗ ಬೇರೆ ಗಂಟಲಿನಲ್ಲಿ ಬೇರೆಯೇ ಆಗುತ್ತದೆಂದು ಧಾರವಾಡದವರಿಗೆ ಯಾರೂ ಕಲಿಸಬೇಕಿಲ್ಲ. ಮನ್ಸೂರರೇ ಜೈಪುರ-ಅತ್ರೌಲಿಯ ಪಾಠವನ್ನು ಮಂಜಿಖಾನರಲ್ಲಿ ಆರಂಭಿಸಿ, ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿಖಾನರಲ್ಲಿ ಮುಂದುವರಿಸಿದವರು. ಕಲಿಸುವ ದನಿ ಬದಲಾದಾಗ ಒಳಗೆ ಏನು ನಡೆದಿರಬಹುದು ಎಂದು ನಾನು ಆಗಾಗ ಊಹಿಸುವುದುಂಟು. ಇರಲಿ, ಅದು ಬೇರೆ ಕಥೆ.

ದನಿಯ ನಂಟನ್ನು ನಾನೊಮ್ಮೆ ಹತ್ತಿರದಿಂದ ಕಂಡಿದ್ದು ಕೃಷಿ ಮೇಳದಲ್ಲಿ. ಪ್ರತಿ ಸೆಪ್ಟೆಂಬರ್ ಸುಮಾರಿಗೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಈ ಜಾತ್ರೆಗೆ ಟ್ರ್ಯಾಕ್ಟರ್, ಟೆಂಪೋ ತುಂಬಿ ಜನ ಬರುತ್ತಾರೆ. ಚಹಾದಂಗಡಿಯ ಮುಂದೆ ಒಬ್ಬರು “ಸಕ್ಕರಿ ಕಡಿಮಿ ಹಾಕ್ರಿ” ಎಂದರು, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ನವಲಗುಂದದ ಕಡೆಯ ರೈತ ಗಕ್ಕನೆ ತಿರುಗಿದ. “ಸಂಜೀಮುಂದ ರೇಡಿಯೋದಾಗ ಮಾತಾಡೋರು ನೀವಲ್ರೀ?” ಹೌದೆಂದಾಗ ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದವನು ಮುಖ ನೋಡಲಿಲ್ಲ, ಅಂಗೈ ತಿರುಗಿಸಿ ನೋಡಿದ. ಅಲ್ಲಿ ಏನು ಕಂಡನೋ, “ಆತು ಬಿಡ್ರಿ” ಎಂದು ನಕ್ಕು, ಚಹಾದ ರೊಕ್ಕ ತಾನೇ ಕೊಟ್ಟ.

ಆ ಅಂಗೈಯಲ್ಲಿ ಆತ ಹುಡುಕಿದ್ದೇನು? ಬಹುಶಃ ತನ್ನ ಕಷ್ಟ ಇವರಿಗೆ ಗೊತ್ತಿದೆಯೋ ಇಲ್ಲವೋ ಎಂಬುದನ್ನು. ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಮಸಾರಿ, ನೀರು ನಿಲ್ಲುವುದಿಲ್ಲ. ಪೂರ್ವಕ್ಕೆ ಹುಬ್ಬಳ್ಳಿ ದಾಟಿದರೆ ಎರೆ, ನೀರು ಬಿಡುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಒಂದೇ ಜಿಲ್ಲೆಯೊಳಗೆ ಎರಡು ಲೋಕ. ಅದರ ಮೇಲೆ ನಳದ ಕಥೆ. ಮಲಪ್ರಭೆ, ನೀರಸಾಗರ ಜಲಾಶಯಗಳೆರಡೂ ಇದ್ದರೂ ವಾರಕ್ಕೊಮ್ಮೆ ನಳ ಬರುತ್ತಿದ್ದ ದಿನಗಳು ಅವಳಿನಗರದ ಯಾವ ಓಣಿಗೂ ಹೊಸತಲ್ಲ. ಹೊಸ ನಿರೂಪಕಿ ಮೊದಲ ವಾರದಲ್ಲೇ “ಬೇಸಿಗೆಯಲ್ಲಿ ಕುಂಡಗಳಿಗೆ ದಿನಕ್ಕೆರಡು ಬಾರಿ ನೀರು ಕೊಡಿ” ಎಂದಳು. ನಮ್ಮ ಕಟ್ಟೆ ಬಿದ್ದು ಬಿದ್ದು ನಕ್ಕಿತು. ಹಳೆಯಾತ ಅಕ್ಕಿ ತೊಳೆದ ನೀರು ಚೆಲ್ಲಬೇಡಿ, ಅದನ್ನೇ ಹಾಕಿ ಎನ್ನುತ್ತಿದ್ದ. ಇಬ್ಬರೂ ಹೇಳಿದ್ದು ಸರಿಯೇ. ಆದರೆ ಒಬ್ಬನಿಗೆ ನಮ್ಮ ನಳ ಗೊತ್ತಿತ್ತು. ನಿರೂಪಕ ಬದಲಾದಾಗ ಜನ ಎತ್ತುವ ತಕರಾರಿನಲ್ಲಿ ಅರ್ಧ ಬರೀ ರೂಢಿ, ಅರ್ಧ ಇಂಥ ವಿವೇಕ. ಎರಡನ್ನೂ ಬೇರ್ಪಡಿಸುವುದು ಕಷ್ಟ.

ಆ ತರುಣಿಯ ಪರವಾಗಿಯೂ ಒಂದು ಮಾತು ಹೇಳಬೇಕು. ನಾಲ್ಕಾರು ತಿಂಗಳಲ್ಲಿ ಆಕೆ ಕೇಳುವುದನ್ನು ಕಲಿತಳು. ಕುಂದಗೋಳದ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಸೋತ ಬೆಳೆಯ ಮಾತಾಡುತ್ತ ನಡುವೆ ಸುಮ್ಮನಾದಾಗ ಈಕೆಯೂ ಸುಮ್ಮನೆ ನಿಂತಳು. ಟಿವಿಯಲ್ಲಿ ಅಷ್ಟು ಹೊತ್ತಿನ ಮೌನ ನಾನು ಕಂಡಿರಲಿಲ್ಲ. ಆಮೇಲೆ ಕಾಕಾ ತಕರಾರು ಎತ್ತಲಿಲ್ಲ. ಈಗ ಆಕೆ ನಾಲ್ಕು ದಿನ ರಜೆ ಹಾಕಿದರೆ “ನಮ್ಮ ಹುಡುಗಿ ಎಲ್ಲಿ ಹೋದಳು?” ಎಂದು ವೈನಿಯೇ ಕೇಳುತ್ತಾರೆ. ಮಾಂಟಿ ಡಾನ್‌ಗೆ ಆದದ್ದೇ ಇದು. ಹಳಬರೆಲ್ಲ ಒಮ್ಮೆ ಬೇಡವಾಗಿದ್ದ ಹೊಸಬರೇ.

ಇನ್ನೊಂದು ಬದಲಾವಣೆ ಈಗ ಬಾಗಿಲಲ್ಲಿ ನಿಂತಿದೆ. 2024ರ ಮೇ 26ರಂದು, ಶುರುವಾಗಿ ಒಂಬತ್ತು ವರ್ಷ ತುಂಬಿದ ದಿನ, ಡಿಡಿ ಕಿಸಾನ್ ವಾಹಿನಿ ಕೃಷ್ ಮತ್ತು ಭೂಮಿ ಎಂಬ ಇಬ್ಬರು ಎಐ ನಿರೂಪಕರನ್ನು ತಂದಿತು. ಕಂಪ್ಯೂಟರಿನಲ್ಲಿ ಹುಟ್ಟಿದವರು. 50 ಭಾಷೆ ಬಲ್ಲರು, ಹಗಲು ರಾತ್ರಿ ದಣಿಯದೆ ಮಾತಾಡಬಲ್ಲರು ಎಂದು ಸರ್ಕಾರ ಹೇಳಿತು. ಅದಕ್ಕೂ ಹಿಂದಿನ ವರ್ಷವೇ ಕನ್ನಡದ ಪವರ್ ಟಿವಿಯಲ್ಲಿ ಸೌಂದರ್ಯ ಎಂಬ ಇಂಥದೇ ನಿರೂಪಕಿ ವಾರ್ತೆ ಓದಿದ್ದಳು. ಇವರಿಗೆ ಮಣ್ಣು ಗೊತ್ತಿಲ್ಲ ಎಂದು ಮೂಗು ಮುರಿಯುವುದು ಸುಲಭ. ಸ್ಟುಡಿಯೋದಲ್ಲಿ ಕೂತ ಮನುಷ್ಯರಲ್ಲೂ ಎಷ್ಟು ಜನಕ್ಕೆ ಗೊತ್ತಿತ್ತು? ನನಗೆ ಸೋಜಿಗವೆನಿಸಿದ್ದು ಬೇರೆ. ಕೃಷ್‌ನನ್ನು ಮೊದಲ ಸಲ ಕಂಡ ಅಜ್ಜಿ, ಇಂವ ನಿಜವಾದ ಮನಷ್ಯಾ ಅಲ್ಲ ಎಂದು ಮೊಮ್ಮಗ ಬಿಡಿಸಿ ಹೇಳಿದ ಮೇಲೂ, ಆತ ಮಳೆಯ ವರದಿ ಓದುವಾಗ ಮೊದಲಿನವರಿಗೆ ಅನ್ನುತ್ತಿದ್ದಂತೆ “ಹೂಂ… ಹೂಂ…” ಅನ್ನುತ್ತಲೇ ಇದ್ದರು. ಯಾರಿಗಾದರೂ ಸರಿ, ಮಳೆಯ ಸುದ್ದಿ ಹೇಳಿದವರಿಗೆ ಹೂಂಗುಟ್ಟಬೇಕೆಂಬುದು ಅವರ ಮರ್ಯಾದೆ. ನಾಳೆ ಕೃಷ್‌ನ ಚಹರೆಯನ್ನು ಹೊಸ ಮಾದರಿಗೆ ಬದಲಿಸಿದರೆ, ಹಳೆಯ ಹುಡುಗನೇ ಚೊಲೊ ಇದ್ದ ಎಂದು ಕೊರಗುವ ಕಟ್ಟೆಯೊಂದು ಈ ನಾಡಿನಲ್ಲಿ ಇದ್ದೇ ಇರುತ್ತದೆ. ನಂಬಿಕೆಯ ಈ ಧಾರಾಳತನ ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ಎಲ್ಲಿ ಬಿದ್ದರೂ ಮೊಳೆಯುತ್ತದೆ.

ಹಾಗಿದ್ದರೆ ನೋವು ಯಾತಕ್ಕೆ? ಯೋಚಿಸಿದಷ್ಟೂ ನನಗೆ ಕಾಣುವುದು ಒಂದೇ: ಹೋದವರು ಹೇಳಿ ಹೋಗುವುದಿಲ್ಲ. ಆಸ್ಟ್ರೇಲಿಯಾದ ತೋಟದ ಕಾರ್ಯಕ್ರಮ ನಡೆಸುತ್ತಿದ್ದ ಪೀಟರ್ ಕಂಡಲ್ 2008ರ ಜುಲೈನಲ್ಲಿ, 81ನೇ ವಯಸ್ಸಿನಲ್ಲಿ, ತನ್ನ ಕೊನೆಯ ಸಂಚಿಕೆಯಲ್ಲೇ ನೋಡುವವರನ್ನು ಬೀಳ್ಕೊಂಡ. ನಮ್ಮಲ್ಲಾದರೋ ವರ್ಗವಾಗಿರುತ್ತದೆ, ನಿವೃತ್ತಿಯಾಗಿರುತ್ತದೆ, ಗುತ್ತಿಗೆ ಮುಗಿದಿರುತ್ತದೆ; ನಿನ್ನೆಯವರೆಗೆ ಇದ್ದ ಮುಖ ಇವತ್ತು ಇರುವುದಿಲ್ಲ, ಹೊಸಬರು ಏನೂ ಆಗಿಲ್ಲವೆಂಬಂತೆ ನಮಸ್ಕಾರ ಹೇಳುತ್ತಾರೆ. ಬಾಡಿಗೆಯ ಮನೆ ಬಿಡುವವರೂ ಪಕ್ಕದ ಮನೆಗೆ ಒಂದು ಮಾತು ಹೇಳಿ, ತುಳಸಿ ಕುಂಡ ಒಪ್ಪಿಸಿ ಹೋಗುತ್ತಾರೆ.

ಆದ್ದರಿಂದ ಕೃಷಿ, ತೋಟದ ಕಾರ್ಯಕ್ರಮ ನಡೆಸುವ ವಾಹಿನಿಯವರಿಗೂ ಬಾನುಲಿಯವರಿಗೂ ಒಂದು ವಿನಂತಿ. ನಿರೂಪಕರನ್ನು ಅಗತ್ಯವಿದ್ದಾಗ ಬದಲಿಸಿರಿ, ಬೇಡವೆನ್ನುವವರು ಯಾರೂ ಇಲ್ಲ. ಹೋಗುವವರನ್ನು ಕೊನೆಯ ದಿನ ಎರಡು ನಿಮಿಷ ಕ್ಯಾಮೆರಾ ಮುಂದೆ ನಿಲ್ಲಿಸಿ, ಬರುವವರನ್ನು ಅವರ ಪಕ್ಕದಲ್ಲೇ ನಿಲ್ಲಿಸಿ, “ನಾಳೆಯಿಂದ ಇವರು ಬರುತ್ತಾರೆ” ಎಂದು ಅವರ ಬಾಯಿಂದಲೇ ಹೇಳಿಸಿ. ಹೊಸಬರಿಗೆ ನಮ್ಮ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನೂ ಹಳಬರು ತಿಳಿಸಿ ಹೋಗಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.