ತೋಳದ ಹಿಂಡು, ದುಷ್ಟರ ಕೂಟ

ರಜೆಯ ದಿನಗಳಲ್ಲಿ ನಿಮ್ಮ ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡಿರುತ್ತೀರಿ. ಕಾಲಹರಣವೆಂದು ಅದನ್ನು ಕಸಿದುಕೊಳ್ಳುವ ಮುನ್ನ ಒಮ್ಮೆ ತೆರೆದು ನೋಡಿರಿ. ಮಕ್ಕಳ ಕಥೆಗಳಲ್ಲಿ ಹಿರಿಯರು ಉತ್ತರಿಸಬೇಕಾದ ಪ್ರಶ್ನೆಗಳು ಅಡಗಿರುತ್ತವೆ.

1992ರಲ್ಲಿ ಅಮೇರಿಕದ ‘ಕ್ಯಾಪ್ಟನ್ ಅಮೇರಿಕಾ’ ಚಿತ್ರಕಥೆಯಲ್ಲಿ ಒಂದು ಪ್ರಸಂಗ ಬಂದಿತು. ನೈಟ್‌ಶೇಡ್ ಎಂಬ ಖಳನಾಯಕಿ ತನ್ನ ವಿಜ್ಞಾನದ ಬಲದಿಂದ ಸಾಮಾನ್ಯ ಜನರನ್ನು ತೋಳಮಾನವರನ್ನಾಗಿ ಮಾರ್ಪಡಿಸುತ್ತಾಳೆ. ಅವರಿಗೆ ಮನುಷ್ಯಮಾತ್ರರಿಗಿಲ್ಲದ ಶಕ್ತಿ ಬರುತ್ತದೆ. ಕಥಾನಾಯಕನೂ ತೋಳವಾಗುತ್ತಾನೆ. ಆದರೂ ಆ ಸೈನ್ಯ ಉಳಿಯಲಿಲ್ಲ. ತೋಳದ ರೂಪದಲ್ಲಿದ್ದ ನಾಯಕನೇ ಉಳಿದವರನ್ನು ಕೂಡಿಸಿಕೊಂಡು ಒಡೆಯರ ಮೇಲೆ ತಿರುಗಿಬಿದ್ದನು.

ಬಲವಿತ್ತು, ಸಂಖ್ಯೆಯಿತ್ತು, ಭಯ ಹುಟ್ಟಿಸುವ ರೂಪವೂ ಇತ್ತು. ಹಾಗಾದರೆ ಕೊರತೆಯಾದದ್ದು ಯಾವುದು?

ಉತ್ತರವನ್ನು ನಿಜವಾದ ತೋಳದ ಬಳಿಯಲ್ಲೇ ಹುಡುಕೋಣ. ತೋಳಗಳ ಹಿಂಡಿನಲ್ಲಿ ಬಲಿಷ್ಠನು ಉಳಿದವರನ್ನು ಕಚ್ಚಿ ಬೆದರಿಸಿ ಆಳುತ್ತಾನೆಂದು ಬಹುಕಾಲ ನಂಬಲಾಗಿತ್ತು. 1970ರಲ್ಲಿ ಪ್ರಕಟವಾದ ಡೇವಿಡ್ ಮೆಕ್ ಎಂಬ ವಿಜ್ಞಾನಿಯ ಗ್ರಂಥವೂ ಈ ಕಲ್ಪನೆಯನ್ನು ಹರಡಿತು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅವರೇ 1999ರಲ್ಲಿ ಅದನ್ನು ತಿದ್ದಿದರು. ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವುಗಳ ಮರಿಗಳ ಸಂಸಾರ. ದೊಡ್ಡವು ಬೇಟೆಯಿಂದ ಮರಳಿ ಮರಿಗಳಿಗೆ ಉಣಿಸುತ್ತವೆ. ಮೊದಲು ಹುಟ್ಟಿದವು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತವೆ. ಅಲ್ಲಿ ನಾಯಕತ್ವವೆಂದರೆ ತಾಯ್ತಂದೆಯರ ಹೊಣೆ.

ಖಳರ ಕೂಟಕ್ಕೆ ತೋಳದ ಕೋರೆಹಲ್ಲು ದೊರೆಯಿತು, ತೋಳದ ಸಂಸಾರ ದೊರೆಯಲಿಲ್ಲ. ಭಯದಿಂದ ಕಟ್ಟಿದ ಗುಂಪು ಭಯ ಕಳೆದ ಗಳಿಗೆಯಲ್ಲೇ ಚದುರುತ್ತದೆ.

ಹಾಗೆಂದು ತೋಳವನ್ನು ಸಾಧುವೆಂದು ಹೊಗಳಬೇಕಿಲ್ಲ. ಮರಿಯನ್ನು ಕಳೆದುಕೊಂಡ ಕುರುಬನ ಸಂಕಟ ನಮ್ಮ ಲೋಕಾಪುರದ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ಮಕ್ಕಳೇ ತೋಳಗಳಿಗೆ ಬಲಿಯಾದರು. ಆ ತಾಯಂದಿರ ದುಃಖದ ಮುಂದೆ ಯಾವ ವಾದವೂ ನಿಲ್ಲದು. ಆದರೂ ಹಸಿವು ಬೇರೆ, ಹಗೆ ಬೇರೆ. ಸೇಡು, ದುರಾಸೆ, ವಂಚನೆಗಳು ತೋಳಕ್ಕೆ ತಿಳಿಯವು. ಅವು ನಮ್ಮವು. ನಾವೇ ಅವಕ್ಕೆ ತೋಳದ ತೊಗಲು ಹೊದಿಸಿ, ಕೇಡು ಎಲ್ಲೋ ಹೊರಗಿದೆಯೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಕುರಿಯ ವೇಷದ ತೋಳಗಳ ಕುರಿತು ಪ್ರಭು ಎಚ್ಚರಿಸಿದಾಗ ಅವರ ಮನಸ್ಸಿನಲ್ಲಿದ್ದವರು ಮನುಷ್ಯರೇ ಅಲ್ಲವೇ?

ನೆರೆಯ ಮುಧೋಳದ ನಾಯಿಯನ್ನು ನೆನೆಯಿರಿ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೂಡಿದ ಈ ಬೇಟೆನಾಯಿಯ ಮೂಲವೂ, ಎಲ್ಲ ನಾಯಿಗಳಂತೆ, ಪುರಾತನ ತೋಳಗಳೇ. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಕೆಲವು ತೋಳಗಳು ಮನುಷ್ಯನ ಒಲೆಯ ಬೆಳಕಿನತ್ತ ಸರಿದವು. ಅದೇ ವೇಗ, ಅದೇ ಹಲ್ಲು ಇಂದು ಹೊಲಮನೆ ಕಾಯುತ್ತಿವೆ. ಚಿತ್ರಕಥೆಯಲ್ಲಿ ಮನುಷ್ಯ ತೋಳವಾಗಿ ಕೆಟ್ಟರೆ, ಇಲ್ಲಿ ತೋಳದ ಕುಲವೇ ಮನುಷ್ಯನ ನಂಟಿನಿಂದ ಮನೆಯ ಬಾಗಿಲಿಗೆ ಕಾವಲಾಯಿತು. ಶಕ್ತಿ ಒಂದೇ, ಅದನ್ನು ಕಟ್ಟಿದ ನಂಟು ಬೇರೆ.

ಆದ್ದರಿಂದ ಓದುಗರೇ, ತುಂಟ ಮಗುವನ್ನು ‘ಇವನು ಹುಟ್ಟಾ ಕೆಟ್ಟವನು’ ಎಂದು ಕರೆಯುವ ಮುನ್ನ ತಡೆಯಿರಿ. ಅವನ ಬಲಕ್ಕೆ ಯಾವ ನಂಟನ್ನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಿರಿ. ಅವನು ಸೇರಿದ ಗೆಳೆಯರ ಬಳಗ ಅಂಜಿಕೆಯಿಂದ ನಿಂತಿದೆಯೋ, ಅಕ್ಕರೆಯಿಂದಲೋ? ಅದಕ್ಕೂ ಮೊದಲು, ನಮ್ಮ ಮನೆ ಯಾವುದರಿಂದ ನಿಂತಿದೆ? ಮಗನು ನಮ್ಮ ಮಾತು ಕೇಳುವುದು ಕೈಯಲ್ಲಿನ ಕೋಲಿಗಾಗಿಯಾದರೆ, ಅವನ ತೋಳುಗಳಲ್ಲಿ ನಮ್ಮನ್ನು ಮೀರಿದ ಬಲ ಬರುವ ದಿನ ದೂರವಿಲ್ಲ.